ಹುಡುಗರು ಎಷ್ಟು ದೂರ ನಿಂತಿದ್ದಾರೆ ನೋಡಿ



ಇವತ್ತು ರಾಜಕೀಯ ಇಲ್ಲ. ಕುರ್ಚಿ ಕದನ ನಾಳೆಗೂ ಇರುತ್ತೆ, ನಾಡಿದ್ದಿಗೂ ಇರುತ್ತೆ, ಎಲ್ಲಿಗೂ ಓಡಿಹೋಗಲ್ಲ. ಇವತ್ತು ಗೆಲ್ಲುವವರ ಬಗ್ಗೆ ಮಾತಾಡೋಣ. ಒಂದು ಸಲ ಗೆದ್ದು ಹಾರ ಹಾಕಿಸಿಕೊಂಡು ಮನೆಗೆ ಹೋಗುವವರ ಬಗ್ಗೆ ಅಲ್ಲ. ಹತ್ತು ಹದಿನೈದು ವರ್ಷ ಎದುರಿಗೆ ಯಾರನ್ನೂ ನಿಲ್ಲಗೊಡದೆ ಗೆಲ್ಲುತ್ತಾರಲ್ಲ, ಅಂಥವರ ಬಗ್ಗೆ. ಅವರು ಸೋಲೋಕೆ ಶುರು ಮಾಡೋದು ಯಾವಾಗ? ಅದು ಮೊದಲು ಯಾರಿಗೆ ಗೊತ್ತಾಗುತ್ತೆ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ವಿಂಬಲ್ಡನ್ನಿನಲ್ಲಿ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ, ಒಂದು ಚಹಾದ ಅಂಗಡಿಯ ಬೆಂಚಿನ ಮೇಲೆ.

ಮೊದಲು ಟೆನಿಸ್ ವಿಷಯ ಹೇಳಿಬಿಡ್ತೀನಿ. 2025ರಲ್ಲಿ ನೊವಾಕ್ ಜೊಕೊವಿಚ್ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಟೂರ್ನಿಗಳಲ್ಲಿ ಸೆಮಿಫೈನಲ್ ತಲುಪಿದರು. ನಾಲ್ಕರಲ್ಲೂ ಅಲ್ಲೇ ನಿಂತರು. ಆಸ್ಟ್ರೇಲಿಯಾದಲ್ಲಿ ಕಾಲು ನೋವಿನಿಂದ ಆಟ ಅರ್ಧಕ್ಕೇ ಬಿಟ್ಟರು. ಪ್ಯಾರಿಸ್ಸಿನಲ್ಲಿ ಸಿನ್ನರ್, ವಿಂಬಲ್ಡನ್ನಿನಲ್ಲಿ ಮತ್ತೆ ಸಿನ್ನರ್, ಅಮೆರಿಕದಲ್ಲಿ ಅಲ್ಕರಾಜ್. 24 ಗ್ರ್ಯಾಂಡ್‌ಸ್ಲಾಮ್ ಗೆದ್ದ ಮನುಷ್ಯ. ಆಗ ವಯಸ್ಸು 38. ನಮ್ಮ ನ್ಯೂಸ್ ರೂಮಿನಲ್ಲಿ ಒಬ್ಬ ಹುಡುಗ ಸ್ಕ್ರಿಪ್ಟ್ ಬರೆದುಕೊಂಡು ಬಂದ. ಶೀರ್ಷಿಕೆ: ‘ಜೊಕೊವಿಚ್ ಯುಗಾಂತ್ಯ’. ನಾನು ಓದಿ ವಾಪಸ್ ಕೊಟ್ಟೆ. ಯಾಕೆ ಗೊತ್ತಾ? ಅದೇ ತಪ್ಪನ್ನು ನಾನು ಒಮ್ಮೆ ಮಾಡಿದ್ದೆ.

2016. ಫೆಡರರ್ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ರಾವನಿಚ್ ಎದುರು ಐದು ಸೆಟ್ ಆಡಿ ಸೋತರು. ಕೋರ್ಟಿನಲ್ಲಿ ಮುಗ್ಗರಿಸಿ ಬಿದ್ದರು. ಆ ವರ್ಷವೇ ಮಂಡಿಗೆ ಆಪರೇಷನ್ ಬೇರೆ ಆಗಿತ್ತು. ಉಳಿದ ಸೀಸನ್ ಆಡುವುದಿಲ್ಲ ಅಂತ ಘೋಷಣೆ ಬಂತು. ನಾನು ಇದೇ ಥರ ಕ್ಯಾಮೆರಾ ಮುಂದೆ ಕೂತು, ದನಿ ಭಾರ ಮಾಡಿಕೊಂಡು, ‘ಒಂದು ಯುಗ ಮುಗಿಯಿತು’ ಅಂದುಬಿಟ್ಟೆ. ಆರು ತಿಂಗಳು ಕಳೆಯಿತು. 2017ರ ಜನವರಿ. 17ನೇ ಶ್ರೇಯಾಂಕದ ಆಟಗಾರನಾಗಿ ಮೆಲ್ಬರ್ನಿಗೆ ಬಂದ ಅದೇ ಫೆಡರರ್, 35ನೇ ವಯಸ್ಸಿನಲ್ಲಿ, ಫೈನಲ್‌ನಲ್ಲಿ ನಡಾಲ್‌ರನ್ನು ಸೋಲಿಸಿ ಕಪ್ ಎತ್ತಿದರು. ಅದೇ ವರ್ಷ ವಿಂಬಲ್ಡನ್ನೂ ಗೆದ್ದರು. 2018ರ ಫೆಬ್ರವರಿಯಲ್ಲಿ, 36ನೇ ವಯಸ್ಸಿನಲ್ಲಿ, ಮತ್ತೆ ನಂಬರ್ ಒನ್. ವೀಕ್ಷಕರು ಬಿಡ್ತಾರಾ? ‘ಸಾರ್, ಯುಗ ಮುಗೀತು ಅಂದಿದ್ರಲ್ಲ, ಯಾರ ಯುಗ?’ ಅಂತ ವರ್ಷಗಟ್ಟಲೆ ಕೇಳಿದರು. ಕೇಳಲೇಬೇಕು.

ಆ ತಪ್ಪು ಎಲ್ಲಿ ಆಯಿತು ಅಂತ ನನಗೆ ಅರ್ಥವಾಗಿದ್ದು ಬ್ಯಾಡಗಿಯಲ್ಲಿ.

ದೀಪಾವಳಿ ಬಂತು ಅಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಹಬ್ಬದ ಕಾಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್ಲು, ಶಿಕಾರಿಪುರದ ಕಡೆಯವರಿಗೆ ನಾನು ಇದನ್ನ ವಿವರಿಸೋದು ಬೇಕಿಲ್ಲ. ಉಳಿದವರಿಗೆ ಎರಡು ಮಾತು. ಹೋರಿಯ ಕೊರಳಿಗೆ ಒಣ ಕೊಬ್ಬರಿಯ ಹಾರ ಕಟ್ಟುತ್ತಾರೆ. ಬಲೂನು, ಜರಿ, ಬಣ್ಣದ ಜೂಲ ಹಾಕಿ ಸಿಂಗರಿಸುತ್ತಾರೆ. ಅಖಾಡದ ಎರಡೂ ಬದಿ ಸಾವಿರಾರು ಜನ. ನಡುವೆ ಹೋರಿ ಬಿಡುತ್ತಾರೆ. ಹುಡುಗರು ಎಗರಿ ಕೊಬ್ಬರಿ ಹರಿಯಬೇಕು. ಹೋರಿ ಕೊಬ್ಬರಿ ಹರಿಯಗೊಡದೆ ಅಖಾಡ ದಾಟಬೇಕು. ದಾಟಿದರೆ ಬೈಕು, ಬಂಗಾರದ ಉಂಗುರ, ಫ್ರಿಜ್ಜು. ಅದಕ್ಕಿಂತ ದೊಡ್ಡದು ಹೆಸರು. ಹೆಸರು ಮಾಡಿದ ಹೋರಿಗೆ ಅಭಿಮಾನಿ ಬಳಗ ಇರುತ್ತೆ, ಬ್ಯಾನರ್ ಇರುತ್ತೆ, ಟೀಶರ್ಟ್ ಇರುತ್ತೆ. ಸತ್ತರೆ ಊರಿಗೆ ಊರೇ ಮೆರವಣಿಗೆ ಮಾಡಿ ಮಣ್ಣು ಮಾಡುತ್ತೆ. ಈ ಆಟದಲ್ಲಿ ಜೀವಕ್ಕೆ ಅಪಾಯವೂ ಇದೆ. ಪ್ರತಿ ವರ್ಷ ನಾವೇ ಆ ಸುದ್ದಿ ಓದ್ತೀವಿ. ಅದರ ಚರ್ಚೆ ಬೇರೆ ದಿನಕ್ಕಿರಲಿ.

ಹಬ್ಬಕ್ಕೆ ಮುಂಚೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ಹಾವೇರಿಗೆ ಹೋಗಿದ್ದೆ. ಬರುವಾಗ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಕಡೆ ತಿರುಗಿದೆವು. ಮೆಣಸಿನಕಾಯಿ ಮಾರುಕಟ್ಟೆ ಹತ್ತಿರ ಚಹಾ ಕುಡಿಯುತ್ತಾ ಕೂತಾಗ ಒಬ್ಬ ರೈತರು ಮಾತಿಗೆ ಸಿಕ್ಕರು. ವಯಸ್ಸು ಅರವತ್ತರ ಮೇಲೆ. ಅವರದೊಂದು ಹೋರಿ. ಏಳು ವರ್ಷ ಅಖಾಡದಲ್ಲಿ ಆಳಿದ ಹೋರಿ. ‘ಹೆಸರು ಟಿವ್ಯಾಗ ಹೇಳಬ್ಯಾಡ್ರಿ’ ಅಂದರು, ಹಾಗಾಗಿ ಅವರ ಹೆಸರೂ ಇಲ್ಲ, ಹೋರಿಯ ಹೆಸರೂ ಇಲ್ಲ. ಅದಕ್ಕೀಗ ಹನ್ನೊಂದು ವರ್ಷ. ಈ ಸಲ ಬಿಡಬೇಕಾ, ಬೇಡವಾ? ಮನೆಯಲ್ಲಿ ಅದೇ ಜಗಳ. ಮಗ ಬಿಡಲೇಬೇಕು ಅಂತಾನೆ. ಅಭಿಮಾನಿಗಳು ಆಗಲೇ ಬ್ಯಾನರ್ ಹೊಡೆಸಿದ್ದಾರೆ.

ನಾನು ಕೇಳಿದೆ, ‘ಹೋದ ವರ್ಷ ಸೋತಿತ್ತಾ ಯಜಮಾನರೇ?’

‘ಇಲ್ಲರಿ. ಒಂದು ಕೊಬ್ಬರಿ ಹೋಗಿಲ್ಲ.’

‘ಮತ್ತೆ ಯಾಕೆ ಯೋಚನೆ?’

ಅವರು ಚಹಾದ ಗ್ಲಾಸು ಕೆಳಗಿಟ್ಟರು. ‘ಸರ, ಹೋರಿ ಸೋಲೂದು ಕೊಬ್ಬರಿ ಹರದ ದಿನ ಅಲ್ಲರಿ. ಅದಕ್ಕಿಂತ ಮೊದಲ ಸೋತಿರತೈತಿ. ನೀವು ಹೋರಿ ನೋಡಬ್ಯಾಡ್ರಿ. ಹುಡುಗ್ರು ಎಷ್ಟು ದೂರ ನಿಂತಾರ ಅದನ್ನ ನೋಡ್ರಿ. ಮೊದಲ ನಮ್ಮ ಹೋರಿ ಬಂತಂದ್ರ ಹತ್ತು ಮಾರು ಹಿಂದಕ್ಕ ಸರಿತಿದ್ರು. ಹ್ವಾದ ವರ್ಷ ಎರಡು ಮಾರಿನ್ಯಾಗ ನಿಂತಿದ್ರು. ಓಟ ಅದ ಐತಿ. ಅಂಜಿಕಿ ಹೋಗೇತಿ.’

ವೀಕ್ಷಕರೇ, ನಾನು ಟೆನಿಸ್ ಬಗ್ಗೆ ಸಾಕಷ್ಟು ಓದಿದ್ದೀನಿ, ಸಾಕಷ್ಟು ಕೇಳಿದ್ದೀನಿ. ಚಾಂಪಿಯನ್ ಹೇಗೆ ಸೋಲಲು ಶುರು ಮಾಡ್ತಾನೆ ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಮಾತು ಕೇಳಿಲ್ಲ.

ಯಾಕೆ ಸರಿ ಅಂತೀನಿ? ಒಂದು ಲೆಕ್ಕ ಕೊಡ್ತೀನಿ. ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ತಮ್ಮದೇ ಲೆಕ್ಕ ಬಿಚ್ಚಿಟ್ಟರು. ವೃತ್ತಿಜೀವನದಲ್ಲಿ ಆಡಿದ ಸಿಂಗಲ್ಸ್ ಪಂದ್ಯ 1,526. ಗೆದ್ದದ್ದು ಹತ್ತಿರ ಹತ್ತಿರ 80 ಪರ್ಸೆಂಟ್. ಸರಿ, ಪಾಯಿಂಟ್ ಎಷ್ಟು ಗೆದ್ದಿರಬಹುದು? ನೀವು 70 ಅಂತೀರಿ, 65 ಅಂತೀರಿ. ಅಲ್ಲ. 54 ಪರ್ಸೆಂಟ್. ನೂರು ಪಾಯಿಂಟ್ ಆಡಿದರೆ 46 ಸೋತಿದ್ದಾರೆ! 237 ವಾರ ಸತತವಾಗಿ ನಂಬರ್ ಒನ್ ಆಗಿದ್ದ ಮನುಷ್ಯ, ಸುಮಾರು ಅರ್ಧದಷ್ಟು ಪಾಯಿಂಟ್ ಸೋತವನು.

ಅಂದರೆ ಏನರ್ಥ? ಚಾಂಪಿಯನ್ನಿಗೂ ಉಳಿದವರಿಗೂ ಇರುವ ಅಂತರ ನಾವು ಅಂದುಕೊಂಡಂತೆ ಬೆಟ್ಟದಷ್ಟಿಲ್ಲ. ಅರ್ಧಕ್ಕಿಂತ ನೂರಕ್ಕೆ ನಾಲ್ಕು ಪಾಯಿಂಟು ಹೆಚ್ಚು, ಅಷ್ಟೇ. ಆ ನಾಲ್ಕರಲ್ಲಿ ಎರಡು ಹೋದರೆ ಸಾಕು, ಗೆಲ್ಲುತ್ತಿದ್ದ ಪಂದ್ಯ ಕೈಜಾರುತ್ತೆ. ಆ ಎರಡು ಪಾಯಿಂಟ್ ಹೋಗೋದು ಟಿವಿಯಲ್ಲಿ ಕಾಣಲ್ಲ. ಹೊಡೆತ ಅದೇ, ನಡಿಗೆ ಅದೇ, ಗತ್ತು ಅದೇ. ಚೆಂಡಿನ ಹತ್ತಿರ ಅರ್ಧ ಹೆಜ್ಜೆ ತಡವಾಗಿ ಬರ್ತಾನೆ, ಅಷ್ಟೇ. ಎರಡು ವಾರದಲ್ಲಿ ಏಳು ಪಂದ್ಯ ಆಡಬೇಕು, ಒಂದೊಂದೂ ಐದು ಸೆಟ್ ಆಗಬಹುದು. ಇಪ್ಪತ್ತೈದರ ಹುಡುಗನ ಮೈ ಒಂದು ರಾತ್ರಿಯಲ್ಲಿ ಸುಧಾರಿಸಿಕೊಳ್ಳುತ್ತೆ. ಮೂವತ್ತೆಂಟರ ಮೈ ಕೇಳಲ್ಲ. ಅದಕ್ಕೇ ನೋಡಿ, ಹಳೇ ಚಾಂಪಿಯನ್ನುಗಳು ಸೋಲೋದು ಮೊದಲ ಸುತ್ತಿನಲ್ಲಿ ಕಮ್ಮಿ. ಸೋಲೋದು ಸೆಮಿಫೈನಲ್‌ನಲ್ಲಿ, ಫೈನಲ್‌ನಲ್ಲಿ.

ಸೆರೆನಾ ವಿಲಿಯಮ್ಸ್ ನೆನಪು ಮಾಡಿಕೊಳ್ಳಿ. 23ನೇ ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದು 2017ರ ಆಸ್ಟ್ರೇಲಿಯನ್ ಓಪನ್. ಆಗ ಆಕೆ ಗರ್ಭಿಣಿ. ಮಗಳು ಹುಟ್ಟಿದ ಮೇಲೆ ವಾಪಸ್ ಬಂದು 2018 ಮತ್ತು 2019ರಲ್ಲಿ ವಿಂಬಲ್ಡನ್, ಅಮೆರಿಕನ್ ಓಪನ್ ಸೇರಿ ನಾಲ್ಕು ಫೈನಲ್ ತಲುಪಿದರು. ನಾಲ್ಕೂ ಸೋತರು. ಕೆರ್ಬರ್, ಒಸಾಕಾ, ಹಾಲೆಪ್, ಆಂಡ್ರಿಸ್ಕು. ಆಟ ಬಾರದ ಮನುಷ್ಯ ನಾಲ್ಕು ಫೈನಲ್ ತಲುಪಲು ಆಗುತ್ತಾ? ಆಟ ಇತ್ತು. ಎದುರಿಗಿದ್ದ ಹುಡುಗಿಯರು ಎರಡು ಮಾರು ಹತ್ತಿರ ಬಂದು ನಿಂತಿದ್ದರು.

ಫೆಡರರ್ ಅವರದೇ 2019ರ ವಿಂಬಲ್ಡನ್ ಫೈನಲ್ ಅಂತೂ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತೆ. ಐದನೇ ಸೆಟ್, 8-7, ಸರ್ವಿಸ್ ಫೆಡರರ್‌ದು, 40-15. ಎರಡು ಚಾಂಪಿಯನ್‌ಶಿಪ್ ಪಾಯಿಂಟ್. ಎರಡೂ ಹೋದವು. ಇಡೀ ಪಂದ್ಯದಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ ಗೆದ್ದದ್ದು 204. ಹದಿನಾಲ್ಕು ಪಾಯಿಂಟ್ ಹೆಚ್ಚು ಗೆದ್ದೂ ಸೋತರು! ಅವತ್ತು ಜೊಕೊವಿಚ್ ಹಿಂದೆ ಸರಿಯಲೇ ಇಲ್ಲ. ಪೂರ್ತಿ ಗ್ಯಾಲರಿ ಎದುರಾಳಿಯ ಹೆಸರು ಕೂಗುತ್ತಿದ್ದರೂ ನಿಂತ ಜಾಗದಲ್ಲೇ ನಿಂತರು.

ಇನ್ನೊಂದು ಕಾರಣ ಇದೆ. ಅದನ್ನೂ ಬ್ಯಾಡಗಿಯಲ್ಲೇ ನೋಡಬಹುದು. ಬ್ಯಾಡಗಿ ಮೆಣಸಿನಕಾಯಿ ಅಂದರೆ ಏನು? ಸುಕ್ಕು ಸುಕ್ಕು, ಕಡುಗೆಂಪು ಬಣ್ಣ, ಖಾರ ಕಮ್ಮಿ. ಆ ಬಣ್ಣಕ್ಕಾಗಿಯೇ ಜಗತ್ತು ಕೊಳ್ಳುತ್ತೆ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಆ ಬಣ್ಣವೇ ಅದರ ಬಲ. ಬಲ ಯಾವುದು ಅಂತ ಎಲ್ಲರಿಗೂ ಗೊತ್ತಾದ ಮೇಲೆ ಏನಾಗುತ್ತೆ? ಅದೇ ಬಣ್ಣ ಕೊಡುವ, ಇಳುವರಿ ಜಾಸ್ತಿ ಇರುವ ಹೈಬ್ರಿಡ್ ತಳಿಗಳು ಬಂದವು. ಇವತ್ತು ಬಳ್ಳಾರಿ, ರಾಯಚೂರು, ಆಂಧ್ರದಿಂದ ಚೀಲ ಚೀಲ ಕಾಯಿ ಬ್ಯಾಡಗಿ ಮಾರುಕಟ್ಟೆಗೇ ಬಂದು ಬೀಳುತ್ತೆ. ಪಕ್ಕದ ರಾಣೆಬೆನ್ನೂರು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಊರು. ಅಲ್ಲಿನ ಹೆಣ್ಣುಮಕ್ಕಳು ಹೂವು ಹೂವಿಗೂ ಕೈಯಾರೆ ಪರಾಗಸ್ಪರ್ಶ ಮಾಡಿ ಬೀಜ ತೆಗೆಯುತ್ತಾರೆ. ಹೈಬ್ರಿಡ್ ಯಾವುದೋ ದೂರದ ದೇಶದ ಶತ್ರು ಅಂದುಕೊಳ್ಳಬೇಡಿ. ಅದರ ವಿದ್ಯೆ ಪಕ್ಕದ ತಾಲ್ಲೂಕಿನಲ್ಲೇ ಇದೆ.

ಟೆನಿಸ್ಸಿನಲ್ಲೂ ಅದೇ. ಫೆಡರರ್ ಅವರ ಒಂದೇ ಕೈಯ ಬ್ಯಾಕ್‌ಹ್ಯಾಂಡ್ ನೋಡಲು ಎರಡು ಕಣ್ಣು ಸಾಲದು. ಆ ಚೆಲುವಿನಲ್ಲೇ ಒಂದು ಬಿರುಕಿದೆ ಅಂತ ಕಂಡುಕೊಂಡವರು ನಡಾಲ್. ಚೆಂಡಿಗೆ ವಿಪರೀತ ಟಾಪ್‌ಸ್ಪಿನ್ ಕೊಟ್ಟು ಭುಜದ ಎತ್ತರಕ್ಕೆ ಪುಟಿಸಿದರು. ಮತ್ತೆ ಮತ್ತೆ, ಅದೇ ಜಾಗಕ್ಕೆ. 2008ರ ವಿಂಬಲ್ಡನ್ ಫೈನಲ್ ಐದನೇ ಸೆಟ್‌ನಲ್ಲಿ 9-7ಕ್ಕೆ ಮುಗಿಯಿತು. ಫೆಡರರ್ ಅವರ ಸತತ ಐದು ವರ್ಷದ ಪಟ್ಟ ಹೋಯಿತು. ಮುಂದಿನ ತಿಂಗಳು ನಂಬರ್ ಒನ್ ಸ್ಥಾನವೂ ಹೋಯಿತು. ಈಗ ಸಿನ್ನರ್, ಅಲ್ಕರಾಜ್ ಆಡೋದು ನೋಡಿ. ಗಟ್ಟಿ ನೆಲದ ಕೋರ್ಟಿನಲ್ಲೂ ಕಾಲು ಜಾರಿಸಿಕೊಂಡು ಹೋಗಿ ಚೆಂಡು ವಾಪಸ್ ಮಾಡ್ತಾರಲ್ಲ, ಜೊಕೊವಿಚ್ ಆಡಿದ್ದೂ ಹಾಗೇ. ಗುರು ಹೇಳಿಕೊಟ್ಟಿಲ್ಲ, ಶಿಷ್ಯರು ನೋಡಿ ಕಲಿತರು. ಹದಿನೈದು ವರ್ಷ ಗೆಲ್ಲುತ್ತಾ ಇರುವ ಮನುಷ್ಯ ಹದಿನೈದು ವರ್ಷ ಎಲ್ಲರಿಗೂ ಪುಕ್ಕಟೆ ಪಾಠ ಮಾಡ್ತಾ ಇರ್ತಾನೆ.

ಇದು ನಮ್ಮ ಮನೆಯಂಗಳದಲ್ಲೂ ನಡೆದಿದೆ. ನಮ್ಮ ಪ್ರಕಾಶ್ ಪಡುಕೋಣೆ 1971ರಿಂದ 1979ರವರೆಗೆ ಸತತ ಒಂಬತ್ತು ವರ್ಷ ಬ್ಯಾಡ್ಮಿಂಟನ್ ರಾಷ್ಟ್ರೀಯ ಚಾಂಪಿಯನ್. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಆ ಆಟದ ಅತಿ ಎತ್ತರದ ಶಿಖರಗಳಲ್ಲಿ ಅದೂ ಒಂದು. ಅದೇ 1980ರಲ್ಲಿ ರಾಷ್ಟ್ರೀಯ ಪಟ್ಟ ಸಯ್ಯದ್ ಮೋದಿ ಎಂಬ ಹುಡುಗನ ಪಾಲಾಯಿತು. 1987ರವರೆಗೆ ಎಂಟು ವರ್ಷ ಅವನ ಬಳಿಯೇ ಉಳಿಯಿತು. ಜಗತ್ತು ಗೆದ್ದ ವರ್ಷವೇ ಮನೆಯ ಪಟ್ಟ ಕೈಬಿಟ್ಟಿತು. ಶಿಖರ ಮುಟ್ಟೋದು, ಇಳಿಜಾರು ಶುರುವಾಗೋದು ಬೇರೆ ಬೇರೆ ವರ್ಷ ಅಂತ ನಾವು ಅಂದುಕೊಂಡಿರ್ತೀವಿ. ಒಂದೇ ವರ್ಷದಲ್ಲೂ ಆಗಬಹುದು.

ಹಾಗಂತ ಒಮ್ಮೆ ಇಳಿದರೆ ಇಳಿಯುತ್ತಲೇ ಹೋಗಬೇಕಾ? ಇಲ್ಲ. ನನ್ನ 2016ರ ತಪ್ಪು ಇದೇ. ಫೆಡರರ್ ಏನು ಮಾಡಿದರು? ಹೊಸದಾಗಿ ಕಲಿತರು. ವರ್ಷಗಟ್ಟಲೆ ಹಿಡಿದಿದ್ದ ಚಿಕ್ಕ ರ‍್ಯಾಕೆಟ್ ಬಿಟ್ಟು 2014ರಲ್ಲಿ ದೊಡ್ಡದು ಹಿಡಿದರು. ಆರು ತಿಂಗಳು ಮನೆಯಲ್ಲಿ ಕೂತರು. ಬ್ಯಾಕ್‌ಹ್ಯಾಂಡ್ ಕಡೆಗೆ ಬಂದ ಚೆಂಡಿಗೆ ಹಿಂದೆ ಸರಿಯೋದು ಬಿಟ್ಟು, ಪುಟಿದು ಮೇಲೇರುತ್ತಿರುವಾಗಲೇ ಮುಂದೆ ಬಂದು ಹೊಡೆದರು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರನ್ನೇ ನೋಡಿ. ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. ಅಯ್ಯಂಗಾರ್ ಯೋಗಕ್ಕೆ ಮೊರೆ ಹೋದರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ಜಗತ್ತಿನ ನಂಬರ್ ಒನ್ ಆದರು. ಡಬಲ್ಸ್‌ನಲ್ಲಿ ಅರ್ಧ ಕೋರ್ಟು ಕಾಯಬೇಕು. ಓಟ ಕಮ್ಮಿ, ಸರ್ವಿಸು ಮತ್ತು ತಲೆ ಜಾಸ್ತಿ. ಮೈ ಕೊಡದೆ ಇದ್ದಾಗ ಮೈ ಕಮ್ಮಿ ಬೇಡುವ ಕಡೆ ಅವರು ಬಲ ಹುಡುಕಿಕೊಂಡರು.

ಹಾಗಾದರೆ ನಿಲ್ಲಿಸೋದು ಯಾವಾಗ? ಎರಡು ದಾರಿ ಹೇಳ್ತೀನಿ. ಒಂದು ಪೀಟ್ ಸಾಂಪ್ರಾಸ್ ದಾರಿ. 2000ದ ವಿಂಬಲ್ಡನ್ ನಂತರ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದೂ ಪ್ರಶಸ್ತಿ ಇಲ್ಲ. 2002ರ ವಿಂಬಲ್ಡನ್ ಎರಡನೇ ಸುತ್ತಿನಲ್ಲಿ, 145ನೇ ರ‍್ಯಾಂಕಿನ ಜಾರ್ಜ್ ಬಾಸ್ಟ್ಲ್ ಎದುರು ಸೋಲು. ಜಗತ್ತೇ ನಿವೃತ್ತಿ ಆಗಪ್ಪಾ ಅಂತು. ಅದೇ ವರ್ಷ ಅಮೆರಿಕನ್ ಓಪನ್‌ಗೆ ಬಂದು, ಫೈನಲ್‌ನಲ್ಲಿ ಅಗಾಸ್ಸಿಯನ್ನು ಸೋಲಿಸಿ ಕಪ್ ಎತ್ತಿದರು. ಆಮೇಲೆ ಒಂದೇ ಒಂದು ಟೂರ್ ಪಂದ್ಯ ಆಡಲಿಲ್ಲ. ಇನ್ನೊಂದು ಫೆಡರರ್ ದಾರಿ. ಆಡುತ್ತಲೇ ಹೋದರು. 2021ರಲ್ಲಿ, ವಿಂಬಲ್ಡನ್ ಹುಲ್ಲಿನ ಮೇಲೆ, ಹರ್ಕಾಚ್ ಎದುರು ಕೊನೆಯ ಸೆಟ್ 6-0. ಎಂಟು ಸಲ ಗೆದ್ದ ಅಂಗಳದಲ್ಲಿ ಒಂದು ಗೇಮೂ ಇಲ್ಲ. ಅದೇ ಅವರ ಕೊನೆಯ ಸಿಂಗಲ್ಸ್ ಪಂದ್ಯ. ಯಾರು ಸರಿ? ಇಬ್ಬರೂ ಸರಿ. ಸಾಂಪ್ರಾಸ್‌ಗೆ ಗೆಲುವಿನಲ್ಲಿ ನಿಲ್ಲಬೇಕಿತ್ತು. ಫೆಡರರ್‌ಗೆ ಆಟ ಬೇಕಿತ್ತು, ಸೋತರೂ ಬೇಕಿತ್ತು. ಅದು ಅವರವರ ಹಕ್ಕು. ಸ್ಟುಡಿಯೋದಲ್ಲಿ ಎಸಿ ಹಾಕಿಕೊಂಡು ಕೂತ ನಾನು ‘ಸಾಕು ನಿಲ್ಲಿಸಪ್ಪಾ’ ಅನ್ನೋಕೆ ಯಾರು?

ಹಾಗೆ ನೋಡಿದರೆ ನಮ್ಮದೂ ಅದೇ ಕಥೆ. ಗುರುವಾರ ಗುರುವಾರ ರೇಟಿಂಗ್ ಬರುತ್ತೆ. ನಂಬರ್ ಹೇಗೇ ಇರಲಿ, ಎದುರಿನ ಚಾನೆಲ್‌ನವರು ಎಷ್ಟು ದೂರ ನಿಂತಿದ್ದಾರೆ ಅಂತ ಈಗ ನಾನೂ ನೋಡಲು ಶುರು ಮಾಡಿದ್ದೀನಿ!

ಮೊನ್ನೆ ರಾತ್ರಿ ಬ್ಯಾಡಗಿಯ ಆ ಯಜಮಾನರು ಫೋನ್ ಮಾಡಿದರು. ಹೋರಿ ಬಿಟ್ಟರಂತೆ. ಮಗನ ಹಟ, ಊರಿನ ಹಟ.

‘ಏನಾಯ್ತು?’ ಅಂದೆ.

‘ದಾಟಿತ್ರಿ. ಒಂದು ಕೊಬ್ಬರಿ ಹೋಗಲಿಲ್ಲ. ಆದ್ರ ಒಬ್ಬಂವ ಕೊರಳಿಗೆ ಕೈ ಹಾಕಿದ್ದರಿ. ಬೆರಳು ತಾಕಿದ್ದು ನಾ ನೋಡಿದೆ. ಮನಿಗೆ ಬಂದು ಕಟ್ಟಿದೆ. ಇನ್ನ ಬಿಡಂಗಿಲ್ಲ.’

‘ಮಗ ಏನಂದ?’

‘ಮಾತ ಬಿಟ್ಟಾನ್ರಿ. ಗೆದ್ದ ಹೋರಿನ್ನ ಯಾರರ ಕಟ್ತಾರೇನು ಅಂತಾನ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ‘ಅದಕ್ಕ ಬಾಯಿ ಇಲ್ಲಲ್ರಿ ಸರ. ಸಾಕು ಅನ್ನಾಕ ಬರೂದಿಲ್ಲ. ನಾ ಅನ್ನಬೇಕು.’

ಮನುಷ್ಯನಿಗೆ ಬಾಯಿ ಇದೆ. ಸಾಕು ಅನ್ನಬಹುದು, ಇನ್ನೂ ಆಡ್ತೀನಿ ಅನ್ನಬಹುದು, ಸೋತೂ ಆಡಬಹುದು. ಅವನ ಪರವಾಗಿ ನಾವು ‘ಸಾಕು’ ಅಂತ ಕೂಗೋದು ಬೇಡ. ಹೋರಿಗೆ ಬಾಯಿ ಇಲ್ಲ. ಅದರ ಪರವಾಗಿ ನಾವು ‘ಇನ್ನೊಂದು ಸಲ’ ಅಂತ ಕೂಗೋದೂ ಬೇಡ. ಅಖಾಡದ ಬದಿ ನಿಂತು ನಾವು ಪ್ರತಿ ಸಲ ಇದನ್ನೇ ತಿರುಗಾಮುರುಗಾ ಮಾಡ್ತೀವಿ. ಜೊಕೊವಿಚ್‌ಗೆ ಹೋಗು ಅಂತೀವಿ, ಹೋರಿಗೆ ಓಡು ಅಂತೀವಿ.

ಮುಂದಿನ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್. ಜೊಕೊವಿಚ್ ಅಂಗಳಕ್ಕೆ ಇಳಿದರೆ ಸ್ಕೋರು ನೋಡಬೇಡಿ. ಎದುರಿನ ಹುಡುಗ ಎಲ್ಲಿ ನಿಂತಿದ್ದಾನೆ, ಗೆರೆಯ ಹಿಂದೆಯೋ ಒಳಗೋ, ಅದನ್ನ ನೋಡಿ. ಯುಗಾಂತ್ಯ ಅಂತ ನಾನು ಮಾತ್ರ ಹೇಳಲ್ಲ. ಒಂದು ಸಲ ಹೇಳಿ ಸಾಕಾಗಿದೆ.